ಬರಿಗಾಲಿನ ಒಂದು ಸುತ್ತು

"ಬೂಟು ಬಿಚ್ಚು!"

ನೇತ್ರಾಳ ದನಿಗೆ ಅಕ್ಷಯ ಬೆಚ್ಚಿಬಿದ್ದ. ಎರಡು ವರ್ಷಗಳ ನಂತರ ಅವಳು ಆಡಿದ ಮೊದಲ ಮಾತು ಅದು!

ಅಂಧೇರಿಯ ಆ ಸ್ಟೇಡಿಯಂನಲ್ಲಿ ಹಿಂದಿನ ದಿನ ಸಂಗೀತ ಕಾರ್ಯಕ್ರಮ ನಡೆದಿತ್ತು. ಸ್ಟೇಜ್ ಹಾಕಿದ್ದು ಅಕ್ಷಯನ ಕಂಪನಿ. ಈಗ ಅದನ್ನು ಕಿತ್ತು, ಓಟದ ಟ್ರ್ಯಾಕನ್ನು ಮೊದಲಿನಂತೆ ಒಪ್ಪಿಸಬೇಕು. ಸ್ಟೇಡಿಯಂ ಪರವಾಗಿ ಒಪ್ಪಿಸಿಕೊಳ್ಳುವವಳು... ನೇತ್ರಾ!

"ಒಂದ್ ಮೊಳೀನೂ ಉಳಿದಿಲ್ಲ ಅಂದೀ ಅಲ್ಲ? ಹಂಗಾರ ಬರಿಗಾಲಲ್ಲಿ ಒಂದ್ ಸುತ್ತು ನಡದು ತೋರಸು."

ಮೇ ತಿಂಗಳ ಮಧ್ಯಾಹ್ನ. ಕೆಂಪು ಟ್ರ್ಯಾಕ್ ಕೆಂಡದಂತೆ ಕಾದಿತ್ತು. ಅಕ್ಷಯ ಬೂಟು ಬಿಚ್ಚಿದ.

"ಅರೇ, ಸಾಬ್ ಕೋ ಸಜಾ!" ಸಾಹೇಬರಿಗೇ ಶಿಕ್ಷೆ ಎಂದು ಕೆಲಸಗಾರನೊಬ್ಬ ನಕ್ಕ.

ನಗಲಿ! ಎಲ್ಲರೂ ನೋಡಲಿ, ಎಂದುಕೊಂಡಳು ನೇತ್ರಾ.

ಇದೇ ಟ್ರ್ಯಾಕ್‌ನಲ್ಲಿ ಎರಡು ವರ್ಷಗಳ ಹಿಂದೆ ಅವಳು ರಾಷ್ಟ್ರಮಟ್ಟದ ಕನಸು ಹೊತ್ತು ಓಡುತ್ತಿದ್ದಳು. "ಎಲ್ಲಾ ಕ್ಲೀನ್ ಉಂಟು, ಓಡು" ಎಂದಿದ್ದ ಅವಳ ಅಕ್ಷಯ. ನಂಬಿ ಓಡಿದಳು. ಆಗಲೂ ಅವನ ಕಂಪನಿಯೇ ಹಾಕಿ ಕಿತ್ತಿದ್ದ ಸ್ಟೇಜಿನ ಕಬ್ಬಿಣದ ಗೂಟವೊಂದು ಹಾಗೇ ಉಳಿದಿತ್ತು. ಅದಕ್ಕೆ ಎಡವಿ ಬಿದ್ದು ಮೊಣಕಾಲು ಪುಡಿಯಾಯಿತು. ಆಸ್ಪತ್ರೆಯಲ್ಲಿ ಅವಳು ಬಾಗಿಲನ್ನೇ ನೋಡುತ್ತ ಮಲಗಿದ್ದಳು... ಅವನು ಬರಲೇ ಇಲ್ಲ!

ಅರ್ಧ ಸುತ್ತಿಗೇ ಅವನ ಹೆಜ್ಜೆ ತಡವರಿಸಿತು. 'ಸಾಕು' ಎನ್ನಬೇಕೆನಿಸಿತು ಅವಳಿಗೆ... ಎನ್ನಲಿಲ್ಲ.

ಮರಳಿ ಬಂದವನ ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತು. "ಇನ್ನೊಂದು ಸುತ್ತು ಬೇಕಾ?" ಎಂದು ಕೇಳಿದ.

"ಒಮ್ಮೆರ ನನ್ನ ನೋಡಾಕ ಯಾಕ ಬರ್ಲಿಲ್ಲ?"

"ದಿನಾ ಬರ್ತಿದ್ದೆ ಮಾರಾಯ್ತಿ! ನನ್ನ ಮುಖ ನೋಡುವುದಿಲ್ಲ ಅಂತ ನೀನು ಹೇಳಿದ್ದೀ ಅಂತ ನಿನ್ನ ಅಮ್ಮನೇ ವಾಪಸ್ ಕಳಿಸಿದ್ರು."

ಅವ್ವ! 'ಅಂವ ಈ ಕಡೆ ಹಾಯಲೇ ಇಲ್ಲ ನೋಡವ್ವಾ' ಎಂದು ತಲೆ ನೇವರಿಸಿದ್ದ ಅವ್ವ!

ನೇತ್ರಾ ಅವನತ್ತ ತಿರುಗಿದಳು. "ಖರೇ ಹೇಳು... ಆವತ್ತು ಟ್ರ್ಯಾಕ್ ನೀನ ನೋಡಿದ್ದೇನು?"

ಅವನು ಸುಳ್ಳು ಹೇಳಬಹುದಿತ್ತು.

"ಇಲ್ಲ ನೇತ್ರಾ. ನೋಡದೇ ಹೇಳಿದ್ದೆ."

ಫಟಾರನೆ ಅವನ ಕೆನ್ನೆಗೆ ಬಾರಿಸಿದಳು. ಮರುಗಳಿಗೆಯೇ ಮಡಚಲಾಗದ ಕಾಲನ್ನು ಚಾಚಿ, ನೆಲಕ್ಕೆ ಕುಸಿದು ಕೂತು, ಬಾಟಲಿಯ ನೀರನ್ನು ಅವನ ಪಾದಕ್ಕೆ ಸುರಿದಳು.

"ನಾ ನಿನ್ನ ಕ್ಷಮಿಸಂಗಿಲ್ಲ. ಯಾವತ್ತೂ."

"ಬೇಡ. ನಾನು ಕೇಳುವುದೂ ಇಲ್ಲ." ಅವನೂ ಪಕ್ಕದಲ್ಲೇ ಕೂತ. "ಪ್ರೀತಿ... ಸ್ವಲ್ಪವಾದರೂ ಉಳಿದುಂಟಾ?"

"ಅದು ಹೋಗಿದ್ರ, ನಿನ್ನ ಇಷ್ಟು ಸುಡ್ತಿದ್ನೇನೋ?"

"ಹಾಗಾದರೆ ಸುಡು... ನಾನು ಇನ್ನು ಎಲ್ಲಿಗೂ ಹೋಗುವುದಿಲ್ಲ."