ಕುಂಡಕ್ಕೆ ಹತ್ತಿದ ಪಾಂಡವರು

"ಅಯ್ಯ ಶಿವನ! ನನ್ನ ಪಾಂಡವರು ಎಲ್ಲಿ ಹ್ವಾದ್ರು?"

ಆಯಿ ತುಕ್ಕು ಹಿಡಿದ ಡಬ್ಬಿಯನ್ನು ಬೋರಲು ಹಾಕಿ ಬಡಿದಳು. ಒಂದು ಜೊಂಡಿಗ ಬಿದ್ದು ಓಡಿಹೋಯಿತು, ಅಷ್ಟೇ.

ಕಡುಬಿನ ಹಿಟ್ಟು ನಾದುತ್ತಿದ್ದ ಮೊಮ್ಮಗಳು ಗಂಗಿ ಕೈ ನಿಲ್ಲಿಸಿದಳು.

"ಆಯಿ, ಆ ಡಬ್ಬಿಯಾಗಿನ ಕಲ್ಲು ಪಾಂಡವರೇನ?"

"ಮತ್ತೇನ, ಗೋಲಿಗುಂಡೇನ? ನಾಳೆ ಸೀಗಿ ಹುಣ್ಣಿವಿ. ಹೊಲದಾಗ ಏನಿಟ್ಟು ಪೂಜಿ ಮಾಡ್ಲಿ?"

ಗಂಗಿಯದು ಪೂರಾ ತಪ್ಪಲ್ಲ ಬಿಡಿ. ಪಾಂಡವರನ್ನು ಅವಳು ನೋಡುತ್ತಿದ್ದದ್ದು ವರ್ಷಕ್ಕೊಮ್ಮೆ, ಸೀಗೆ ಹುಣ್ಣಿಮೆಯ ಪೂಜೆಯಲ್ಲಿ, ಹೊಲದ ಬನ್ನಿಗಿಡದ ಬುಡದಲ್ಲಿ. ಆಗ ಆ ಐದು ಕಲ್ಲುಗಳು ಸುಣ್ಣ ಬಳಿದುಕೊಂಡು, ಕುಂಕುಮ ಹಚ್ಚಿಕೊಂಡು ಕುಳಿತಿರುತ್ತಿದ್ದವು. ಊರವರೆಲ್ಲ ಪೂಜೆಯಾದ ಮೇಲೆ ಕಲ್ಲನ್ನು ಹೊಲದಲ್ಲೇ ಬಿಟ್ಟು ಬರುವವರು. ಆಯಿ ಒಬ್ಬಳೇ ಅವನ್ನು ತಿಕ್ಕಿ ತೊಳೆದು ಮನೆಗೆ ತರುವವಳು. ತೊಳೆದ ಮೇಲೆ ಅವು ಬರೀ ಕಲ್ಲು. ಕಂದು ಬಣ್ಣ, ಮೈಮೇಲೆ ಬಿಳಿ ಗೆರೆ, ನುಣುಪೆಂದರೆ ನುಣುಪು.

ಸೋಮವಾರ ಶಾಲೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಪಂಢರಿನಾಥ ಮಾಸ್ತರರು ಐದನೇ ಇಯತ್ತೆಯವರಿಗೆ ಒಂದೊಂದು ಹೂವಿನ ಕುಂಡ ಕೊಟ್ಟಿದ್ದರು. "ಚೆಂದನ್ನ ಕಲ್ಲು ಹುಡಿಕ್ಕೊಂಡು ಬಂದು ಕುಂಡದ ಮೈಗೆ ಸಿಮೆಂಟಿನ್ಯಾಗ ಕೂಡಸ್ರಿ. ಫಸ್ಟ್ ಬಂದ ಕುಂಡ ಸಾಹೇಬ್ರು ಬರೂ ಬಾಗಲದಾಗ ಇಡೂಣು" ಎಂದಿದ್ದರು.

ಶಲವಡಿಯ ಎರೆ ಹೊಲದಲ್ಲಿ ಚೆಂದದ ಕಲ್ಲು ಎಲ್ಲಿಂದ ತರಬೇಕು? ಅಗೆದಷ್ಟೂ ಕರಿಮಣ್ಣೇ. ಹಳ್ಳದಲ್ಲಿದ್ದ ಹರಳನ್ನೆಲ್ಲ ಹೊಳೆಪ್ಪ ಮತ್ತು ಅವನ ಗೆಳೆಯರು ಬಳಿದುಕೊಂಡಿದ್ದರು. ಗಂಗಿಗೆ ಸಿಕ್ಕದ್ದು ಅವರೆಕಾಳಿನಷ್ಟು ಸಣ್ಣ ಚೂರುಗಳು. ಆಗ ಅವಳಿಗೆ ಕೊಟ್ಟಿಗೆಯ ಡಬ್ಬಿ ನೆನಪಾಗಿತ್ತು. ನಡುವೆ ಐದು ಕಲ್ಲು, ಸುತ್ತಲೂ ಸಣ್ಣ ಚೂರು. ಗಂಗಿಯ ಕುಂಡವೇ ಫಸ್ಟ್ ಬಂತು! ಹೊಳೆಪ್ಪನ ಮುಖ ಹರಳೆಣ್ಣೆ ಕುಡಿದವರ ಹಾಗಾಗಿತ್ತು.

"ಆಯಿ, ನಾನ ತಗೊಂಡೀನಿ. ಸಾಲಿ ಕುಂಡಕ್ಕ ಹಚ್ಚೀನಿ, ಸಿಮೆಂಟ್ ಹಾಕಿ."

ಆಯಿ ಬೈಯಲಿಲ್ಲ. ಬೈದಿದ್ದರೇ ಚಲೋ ಇತ್ತು ಅನ್ನಿಸಿತು ಗಂಗಿಗೆ.

"ಅವು ನನ್ನ ತವರಿನ್ವು. ಕಲಘಟಗಿ ಕಡೆ ಕಾಲಿಟ್ಟಲ್ಲಿ ಕಲ್ಲು. ಮದುವ್ಯಾಗಿ ಬರೂವಾಗ ನಮ್ಮಪ್ಪ ಕೊಟ್ಟು ಕಳಿಸಿದ್ದ. ಎರಿ ಸೀಮ್ಯಾಗ ಪಾಂಡವರಿಗೂ ಕಲ್ಲು ಸಿಗಂಗಿಲ್ಲವ್ವಾ, ತಗೊಂಡು ಹೋಗು ಅಂದಿದ್ದ."

"ಕುಂಡ ಒಡದು ತರ್ಲೇನ?"

"ಏ ಹುಚ್ಚಿ, ಬ್ಯಾಡ. ಫಸ್ಟ್ ಬಂದೈತಿ ಅಂತೀದಿ. ಐದು ಹೆಂಟಿ ಇಟ್ರಾತು. ಭೂಮ್ತಾಯಿ ಏನ್ ಸಿಟ್ಟಾಗಂಗಿಲ್ಲ."

ಮರುದಿನ ಎಲ್ಲರೂ ಹೊಲಕ್ಕೆ ಹೋದರು. ಹೊಲ ಶಾಲೆಯ ಹಿಂದೆಯೇ ಇತ್ತು. ಅಪ್ಪ ಐದು ಮಣ್ಣಿನ ಹೆಂಟೆ ಆರಿಸಿ ಬನ್ನಿಗಿಡದ ಬುಡದಲ್ಲಿಟ್ಟ. ಆಯಿ ಸುಣ್ಣದ ನೀರಲ್ಲಿ ಬೆರಳು ಅದ್ದಿ ಬಳಿದಳು. ನೀರು ತಾಗಿದ್ದೇ ತಡ, ಮೊದಲನೆಯ ಹೆಂಟೆ ಕರಗಿ ಕೆಸರಾಯಿತು.

"ಧರ್ಮರಾಯ ಹ್ವಾದ!" ಎಂದು ಅಪ್ಪ ನಕ್ಕ.

ಎರಡನೆಯದೂ ಕುಸಿಯಿತು. "ಭೀಮನೂ ನಿಲ್ಲವಲ್ಲ!" ಎಂದಳು ಅವ್ವ.

ಆಯಿಯೂ ನಕ್ಕಳು. ನಗು ಮುಗಿದ ಮೇಲೆ ಮಾತ್ರ ಆ ಕೆಸರನ್ನೇ ಬೆರಳಿನಿಂದ ಒಟ್ಟುಮಾಡಿ ನಿಲ್ಲಿಸಲು ನೋಡಿದಳು.

ಗಂಗಿ ಎದ್ದು ಓಡಿದಳು.

ಹಬ್ಬದ ಸೂಟಿ, ಶಾಲೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಬಾಗಿಲ ಬಳಿ ಅವಳ ಕುಂಡ ಕುಳಿತಿತ್ತು, ಒಳಗೆ ಚೆಂಡುಹೂವಿನ ಸಸಿ. ಉಗುರಿನಿಂದ ಕೆದರಿದಳು, ಸಿಮೆಂಟು ಜಪ್ಪಯ್ಯ ಅನ್ನಲಿಲ್ಲ. ಸಸಿಯನ್ನು ಮಣ್ಣಿನ ಸಮೇತ ತೆಗೆದು ಗೋಡೆಯ ಬದಿಗೆ ನೆಟ್ಟಳು. ಗಂಟೆ ಬಾರಿಸುವ ಕಬ್ಬಿಣದ ತುಂಡು ತಂದಳು. ಎಷ್ಟು ಚೆಂದದ ಕುಂಡ! ಅಳು ಒತ್ತರಿಸಿ ಬಂತು. ಅಳುತ್ತಲೇ ಹೊಡೆದಳು.

ಐದೂ ಕಲ್ಲುಗಳನ್ನು ಆಯಿಯ ಮುಂದೆ ಇಟ್ಟಾಗ ಅವುಗಳ ಬೆನ್ನಿಗೆ ಸಿಮೆಂಟು ಹಾಗೇ ಇತ್ತು.

"ಕುಂಡ?" ಕೇಳಿದಳು ಆಯಿ.

"ಒಡದ ಬಿಟ್ಟೆ. ಸೋಮವಾರ ಮಾಸ್ತರ್ಗೆ ನಾನ ಹೇಳ್ತೀನಿ."

"ಬಾಗಲದಾಗ ಯಾರದು ಇಡ್ತಾರ?"

"ಹೊಳೆಪ್ಪಂದು." ಗಂಗಿ ಮೂಗು ಒರೆಸಿಕೊಂಡಳು.

ಆಯಿ ಸುಣ್ಣದ ಬಟ್ಟಲನ್ನು ಅವಳ ಕಡೆ ಸರಿಸಿದಳು. "ತಗೋ, ನೀನ ಹಚ್ಚು."

ಪೂಜೆಯಾಯಿತು. ಅಪ್ಪ ಎಡೆಯ ಅನ್ನ ಕಲಸಿ ಹೊಲದ ತುಂಬ ಚರಗ ಚೆಲ್ಲಿದ. ಎಲ್ಲರೂ ಹೊಟ್ಟೆ ತುಂಬ ಉಂಡರು. ಸಂಜೆ ಆಯಿ ಕಲ್ಲುಗಳನ್ನು ತೊಳೆದಳು. ಸುಣ್ಣ ಹೋಯಿತು, ಸಿಮೆಂಟು ಹೋಗಲಿಲ್ಲ.

"ಇರ್ಲಿ ಬಿಡು. ನಾನಂತೂ ಸಾಲಿ ಮೆಟ್ಟಲಾ ಹತ್ತಲಿಲ್ಲ. ಇವರಾದ್ರೂ ಸಾಲಿ ಕಂಡು ಬಂದ್ರು!"

ಗಂಗಿ ಕಲ್ಲುಗಳನ್ನು ಲಂಗದ ಮಡಿಲಲ್ಲಿ ಹಾಕಿಕೊಂಡು ನಡೆದಳು. ಓಡಿ ತರುವಾಗ ಗೊತ್ತಾಗಿರಲಿಲ್ಲ, ಸಾಕಷ್ಟು ಭಾರವಿದ್ದವು.

"ಆಯಿ, ಇವನ್ನ ತರೂವಾಗ ನೀ ಎಷ್ಟ ದೊಡ್ಡಾಕಿ ಇದ್ದಿ?"

"ನಿನ್ನಷ್ಟ."

"ಅತ್ತಿದ್ದೇನ?"

"ಅಳಲಾರದ ಬಿಡ್ತೀನೇನ? ಚಕ್ಕಡ್ಯಾಗ ಕುಂತು ದಾರಿ ಉದ್ದಕ್ಕೂ ಅವನ್ನ ಎಣಿಸಿದ್ದ ಎಣಿಸಿದ್ದು. ಐದ ಕಲ್ಲು, ಎಷ್ಟ ಸಲ ಎಣಿಸೀನೋ ಏನೋ!"

ಗಂಗಿ ಆಯಿಯನ್ನು ನೋಡಿದಳು. ಬಿಳಿ ಕೂದಲು, ಬಾಗಿದ ಬೆನ್ನು. ತನ್ನಷ್ಟೇ ದೊಡ್ಡ ಹುಡುಗಿಯೊಬ್ಬಳು ಅಷ್ಟು ದೂರದಿಂದ, ಒಬ್ಬಳೇ, ಗೊತ್ತಿಲ್ಲದ ಮನೆಗೆ ಬಂದಿದ್ದಳು.

ಅವಳು ಲಂಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, ಆಯಿಯ ಜೊತೆಗೆ ಸಣ್ಣ ಸಣ್ಣ ಹೆಜ್ಜೆ ಹಾಕಿದಳು.