ಒಂದು ಪ್ರೊಸೆಸರ್ ಸಾಕಿತ್ತು

ಕಂಪ್ಯೂಟರ್ ಕೈಕೊಟ್ಟಾಗಲೆಲ್ಲ ಅವಳು ಫೋನಿನಲ್ಲಿ, "ಡಾಕ್ಟ್ರೇ, ರೋಗಿ ಮತ್ತೆ ಮಲಗಿದೆ" ಅನ್ನುತ್ತಿದ್ದಳು. ರಿಪೇರಿಯವನಿಗೆ ಅಷ್ಟು ಸಾಕು, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಕಸೂತಿ ವರ್ಕ್‌ಶಾಪಿನಲ್ಲಿ ಅವಳು ಡಿಸೈನರ್. ಎರಡು ಪ್ರೊಸೆಸರಿನ ಆ ಕಂಪ್ಯೂಟರನ್ನು ಮಾಲೀಕರು ಹೆಮ್ಮೆಯಿಂದ ತಂದಿದ್ದರು. ಅವಳು ಹೂಬಳ್ಳಿ ಬಿಡಿಸುವ ಪ್ರೋಗ್ರಾಂ ಮಾತ್ರ ಓಬೀರಾಯನ ಕಾಲದ್ದು, ಒಂದೇ ಪ್ರೊಸೆಸರಿಗೆಂದು ಬರೆದದ್ದು. ಎರಡೂ ಒಟ್ಟಿಗೆ ಕೈಹಾಕಿದರೆ ಅದು ಗೊಂದಲಕ್ಕೆ ಬಿದ್ದು, ಅರ್ಧ ಬಿಡಿಸಿದ ಹೂವಿನ ಸಮೇತ ನಿಂತುಬಿಡುತ್ತಿತ್ತು. ಸೆಟ್ಟಿಂಗಿನಲ್ಲಿ ಒಂದನ್ನು ಆಫ್ ಮಾಡಿ ರೀಸ್ಟಾರ್ಟ್ ಮಾಡಿದರೆ ಮುಗಿಯಿತು. ಮೊದಲ ದಿನವೇ ಅವನಿಗೆ ಇದು ಗೊತ್ತಿತ್ತು.

ಆದರೆ ವಾಸಿಯಾದ ರೋಗಿಯ ಮನೆಗೆ ಡಾಕ್ಟರು ಯಾಕೆ ಹೋಗಬೇಕು? ಅವನು ಸೆಟ್ಟಿಂಗ್ ಮುಟ್ಟದೆ ಪ್ರತಿ ಸಲ ಧೂಳು ಒರೆಸುತ್ತಿದ್ದ, ವೈರು ಅಲುಗಾಡಿಸುತ್ತಿದ್ದ, ಹುಬ್ಬು ಗಂಟಿಕ್ಕುತ್ತಿದ್ದ. ಅವಳು ಪಕ್ಕದಲ್ಲೇ ಗಲ್ಲಕ್ಕೆ ಕೈಯಾನಿಸಿ ಕೂರುತ್ತಿದ್ದಳು. ಅವನು ತಲೆಯೆತ್ತಿದರೆ ಪರದೆ ನೋಡುವವಳಂತೆ ನಟಿಸುತ್ತಿದ್ದಳು. ಪರದೆಯ ಗಾಜಿನಲ್ಲಿ ಮಾತ್ರ ಅವಳ ಕಣ್ಣು ಅವನ ಮೇಲೇ ಇರುತ್ತಿತ್ತು. ಈ ಪುಣ್ಯಾತ್ಮನಿಗೆ ಇದ್ದ ಬುದ್ಧಿಯೂ ಆಗ ಮಣ್ಣುಪಾಲಾಯಿತು.

ದೊಡ್ಡ ಆರ್ಡರೊಂದರ ಡಿಸೈನುಗಳು ಗಡುವಿಗೆ ಮುಗಿಯಲಿಲ್ಲ. ಮಾಲೀಕರು ಅವಳನ್ನು ಕೆಲಸದಿಂದ ತೆಗೆದರು. ಅವನು ಬಂದಾಗ ಅವಳು ಕತ್ತರಿ, ನೀರಿನ ಬಾಟಲಿಯನ್ನು ಚೀಲಕ್ಕೆ ತುಂಬುತ್ತಿದ್ದಳು. ನಿಮ್ಮ ಅಂಗಡಿಗೆ ಫೋನ್ ಮಾಡಿದ್ದೆ, ಅಂಗಡಿ ನಡೆಸುವ ನಿಮ್ಮ ಸೋದರಮಾವ ಸಿಕ್ಕರು ಎಂದಳು. ಒಂದು ಪ್ರೊಸೆಸರ್ ಆಫ್ ಮಾಡಿದರೆ ಸಾಕಮ್ಮ, ಅವನಿಗೆ ಮೊದಲೇ ಹೇಳಿ ಕಳಿಸಿದ್ದೆನಲ್ಲ ಅಂದರಂತೆ.

"ನಿಮ್ಮನ್ನ ನೋಡೋಕೆ ಅಂತ..." ಎಂದ ಅವನು.

"ಗೊತ್ತು." ಅವಳು ಕೂಗಾಡಿದ್ದರೆ ಅವನು ಹೇಗೋ ಬದುಕಿಕೊಳ್ಳುತ್ತಿದ್ದ. "ಅದು ಸರಿಹೋಗಿದ್ರೂ ನಿಮ್ಮನ್ನ ಕರೀತಿದ್ದೆ. ಅಮ್ಮಂಗೆ ನಿಮ್ಮ ವಿಷಯ ಹೇಳಿಯೂ ಆಗಿತ್ತು."

"ಮಾಲೀಕರಿಗೆ ಈಗಲೇ ನಿಜ ಹೇಳ್ತೀನಿ."

"ನಾನೇ ಹೇಳಿದೆ. ಇಬ್ರೂ ಸೇರಿ ನಾಟಕ ಆಡಿದೀರಿ ಅಂದ್ರು."

ಅವನಿಗೆ ಕುರ್ಚಿ ಎಳೆದುಕೊಟ್ಟಳು. ನಾಳೆ ಇಲ್ಲಿ ಕೂರುವವಳಾದರೂ ನೆಮ್ಮದಿಯಾಗಿರಲಿ, ಸರಿಮಾಡಿ ಎಂದಳು. ಅವನು ಒಂದು ಟಿಕ್ ತೆಗೆದ, ರೀಸ್ಟಾರ್ಟ್ ಮಾಡಿದ. ಅವಳು ಚೀಲದ ಜಿಪ್ ಎಳೆಯುವಷ್ಟರಲ್ಲಿ ಕೆಲಸ ಮುಗಿದಿತ್ತು.

ಪರದೆಯ ಮೇಲೆ ಬಳ್ಳಿ ಎಲ್ಲೂ ನಿಲ್ಲದೆ ಹಬ್ಬಿತು, ಹೂವು ಪೂರ್ತಿ ಅರಳಿತು. ಅವನು ಗಾಜಿನಲ್ಲಿ ಅವಳ ಕಣ್ಣು ಹುಡುಕಿದ. ಈ ಸಲ ಅವಳು ನಿಜವಾಗಿಯೂ ಹೂವನ್ನೇ ನೋಡುತ್ತಿದ್ದಳು.