ಕೂರುವ ಆಟಗಾರ್ತಿ

ಮಂಡ್ಯದ ಒಳಾಂಗಣ ಕ್ರೀಡಾಂಗಣದ ಮರದ ನೆಲ ಆ ಮಧ್ಯಾಹ್ನ ಆಲಿಸುತ್ತಿತ್ತು. ಹಲಗೆಗಳ ಅಡಿಯಲ್ಲಿ ಹುದುಗಿದ್ದ ಕಂಪನಗ್ರಾಹಿಗಳು, ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಹುಡುಗಿಯರ ಒಂದೊಂದು ಹೆಜ್ಜೆಯನ್ನೂ ಚೆಂಡಿನ ಒಂದೊಂದು ಪುಟಿತವನ್ನೂ ಹೆಕ್ಕಿ, ಮೇಜಿನ ಮೇಲಿದ್ದ ಬೂದು ಪೆಟ್ಟಿಗೆಗೆ ಕಳಿಸುತ್ತಿದ್ದವು. ಆ ಪೆಟ್ಟಿಗೆಯ ಹೆಸರು ಲಯತುಲೆ.

ಒಬ್ಬಳು ಎಷ್ಟು ಎತ್ತರ ಹಾರುತ್ತಾಳೆ, ಎಷ್ಟು ವೇಗವಾಗಿ ಓಡುತ್ತಾಳೆ ಎಂಬುದನ್ನು ಅಳೆಯುವುದು ಕಷ್ಟವಲ್ಲ. ಐವರು ಒಂದೇ ಉಸಿರಿನಲ್ಲಿ ಆಡುತ್ತಾರೆಯೇ ಎಂಬುದನ್ನು ಮಾತ್ರ ಅದುವರೆಗೆ ಯಾರೂ ಅಳೆದಿರಲಿಲ್ಲ. ಪ್ರೇಕ್ಷಕರ ಕೂಗಿನಲ್ಲಿ ಕಿವಿ ಕೆಲಸ ಮಾಡದಿದ್ದರೂ, ಒಬ್ಬಳ ಹೆಜ್ಜೆಯ ಕಂಪನ ಹಲಗೆಯ ಮೂಲಕ ಇನ್ನೊಬ್ಬಳ ಅಂಗಾಲಿಗೆ ತಲುಪುತ್ತದೆ. ತಿಳಿಯದೆಯೇ ಆಕೆ ತನ್ನ ಹೆಜ್ಜೆಯನ್ನು ಅದಕ್ಕೆ ಸರಿಹೊಂದಿಸಿಕೊಳ್ಳುತ್ತಾಳೆ. ಲಯತುಲೆ ಈ ಸಾಮರಸ್ಯವನ್ನು ತೂಗಿ ನೂರಕ್ಕೆ ಇಷ್ಟು ಎಂದು ಒಬ್ಬೊಬ್ಬಳಿಗೂ ಹೊಂದಿಕೆಯಂಕ ಕೊಡುತ್ತಿತ್ತು.

ಮಹಿಳಾ ವೃತ್ತಿಪರ ಲೀಗಿನಲ್ಲಿ ವರ್ಷಕ್ಕೊಮ್ಮೆ ಪ್ರತಿ ತಂಡವೂ ಕಾಲೇಜಿನ ಹುಡುಗಿಯರಲ್ಲಿ ಒಬ್ಬಳನ್ನು ಆರಿಸಿಕೊಳ್ಳಬಹುದಿತ್ತು. ಆಯ್ಕೆಯಾದವಳು ಮೂರು ವರ್ಷ ಬೇರೆ ಯಾವ ತಂಡಕ್ಕೂ ಆಡುವಂತಿಲ್ಲ. ಈ ಸಲ ಮೊದಲ ಸರದಿ ಮಂಡ್ಯದ್ದು. ಇಡೀ ಮಧ್ಯಾಹ್ನದ ಪರೀಕ್ಷೆ ಮುಗಿದ ಮೇಲೆ ಎರಡು ಹೆಸರು ಉಳಿದಿದ್ದವು.

"ಜೆಸಿಂತಾ ಲೋಬೊನೇ ಇರ್ಲಿ ಕಣಮ್ಮ," ಎಂದರು ತಂಡದ ಒಡೆಯ ಚನ್ನಂಕೇಗೌಡರು. ಬೆಲ್ಲದ ವ್ಯಾಪಾರದಲ್ಲಿ ಬೆಳೆದವರು, ಕಣ್ಣಿಗೆ ಕಂಡದ್ದನ್ನು ನಂಬುವವರು. "ಮಂಗಳೂರಿನ ಮಗು. ಆ ಎತ್ತರ ನೋಡು! ಕೈ ಎತ್ತುದ್ರೆ ಬುಟ್ಟಿಗೇ ತಾಕ್ತದೆ."

"ಎತ್ತರ ತಗೊಂಡು ಏನ್ ಮಾಡ್ತೀರಿ ಗೌಡ್ರ? ತೆಂಗಿನಕಾಯಿ ಕೀಳೂದದೇನು?" ಎಂದರು ಲಯತುಲೆಯನ್ನು ನಿರ್ಮಿಸಿದ ಡಾಕ್ಟರ್ ಪ್ರಹ್ಲಾದ ಕಟ್ಟಿ. ಅವರು ಧಾರವಾಡದವರು. "ಜೆಸಿಂತಾಗ ಎಪ್ಪತ್ತೊಂದು ಬಂದದ. ನಿರುಪಮಾಗ ತೊಂಬತ್ನಾಲ್ಕು. ಇಷ್ಟು ಅಂಕ ನಾ ಇನ್ನೂತನಕ ಕಂಡಿಲ್ಲರಿ."

ಇಬ್ಬರೂ ತರಬೇತುದಾರ್ತಿ ಚೂಡಾಮಣಿಯವರ ಮುಖ ನೋಡಿದರು. ನಿರುಪಮಾ ಯಾರ ಮಗಳೆಂಬುದು ಇಬ್ಬರಿಗೂ ಗೊತ್ತಿತ್ತು.

ಇಪ್ಪತ್ತು ವರ್ಷಗಳ ಹಿಂದೆ ಚೂಡಾಮಣಿ ರಾಜ್ಯ ತಂಡದಲ್ಲಿದ್ದಾಗ ನಿರುಪಮಾಳ ತಂದೆ ಗುರುಬಸವಯ್ಯ ಅದರ ತರಬೇತುದಾರರು. ಜೊತೆಯ ಹುಡುಗಿಯೊಬ್ಬಳನ್ನು ಅವರು ಕೀಳಾಗಿ ಬೈದಾಗ ಚೂಡಾಮಣಿ ಎದುರು ಮಾತಾಡಿದ್ದಳು. ರಾಷ್ಟ್ರೀಯ ಫೈನಲ್‌ನ ದಿನ, ಆಟಗಾರ್ತಿಯರಿಗೆ ಸರ್ಕಾರಿ ನೌಕರಿ ಕೊಡುವ ಆಯ್ಕೆಗಾರರೆಲ್ಲ ಬಂದಿದ್ದಾಗ, ಗುರುಬಸವಯ್ಯ ಅವಳನ್ನು ಒಂದು ಕ್ಷಣವೂ ಆಡಿಸಲಿಲ್ಲ. ಮಗಳ ಆಟ ನೋಡಲೆಂದು ಬಸ್ಸು ಬದಲಿಸಿ ಬದಲಿಸಿ ಬಂದಿದ್ದ ತಾಯಿ, ಆಟಕ್ಕೆ ಸಿದ್ಧಳಾಗಿ ಮಂಡಿಗೆ ಪಟ್ಟಿ ಕಟ್ಟಿಕೊಂಡು ಬೆಂಚಿನ ಮೇಲೆ ಕೂತ ಮಗಳನ್ನು ನೋಡಿ ಹೋದಳು. ಚೂಡಾಮಣಿಗೆ ಮತ್ತೆ ಆ ಅವಕಾಶ ಬರಲಿಲ್ಲ.

"ನಿರುಪಮಾ," ಎಂದರು ಚೂಡಾಮಣಿ.

ಕಟ್ಟಿಯವರಿಗೆ ಹಿಡಿಸಲಾರದಷ್ಟು ಸಂತೋಷ. "ದೊಡ್ಡ ಮನಸ್ಸು ಬಿಡ್ರಿ ನಿಮ್ದು! ಹಳೇದೆಲ್ಲಾ ಮರ್ತು ಆಟಕ್ಕ ಬೆಲಿ ಕೊಟ್ರಿ."

"ಆಡಿಸ್ತೀನಿ ಅಂತ ಯಾರಂದ್ರು ಡಾಕ್ಟ್ರೇ? ಬೇರೆಯವರು ಆರಿಸಿದ್ರೆ ಅವಳು ಆಡಿಬಿಡ್ತಾಳೆ. ನಾನಾದ್ರೆ ಕೂರಿಸ್ತೀನಿ. ಮೂರು ವರ್ಷ. ಅವರಪ್ಪ ಬಂದು ನೋಡ್ಲಿ."

ಗೌಡರು ಕೆಮ್ಮಿದರು. ತಂಡ ಗೆಲ್ಲುತ್ತಿರುವವರೆಗೂ ತರಬೇತುದಾರ್ತಿಯ ಲೆಕ್ಕಾಚಾರಕ್ಕೆ ಕೈ ಹಾಕುವುದಿಲ್ಲವೆಂದು ಅವರು ಮೊದಲೇ ಮಾತು ಕೊಟ್ಟಿದ್ದರು.

ಋತು ಆರಂಭವಾಯಿತು. ನಿರುಪಮಾ ಪ್ರತಿ ಪಂದ್ಯಕ್ಕೂ ಲೇಸು ಬಿಗಿದು ಸಿದ್ಧಳಾಗಿ ಬರುತ್ತಿದ್ದಳು. ಪ್ರತಿ ಪಂದ್ಯವೂ ಅವಳಿಲ್ಲದೆ ಮುಗಿಯುತ್ತಿತ್ತು; ತಂಡ ಗೆಲ್ಲುತ್ತಲೂ ಇತ್ತು. ನರೆತ ತಲೆಯ, ಹಣೆಗೆ ವಿಭೂತಿ ಧರಿಸಿದ ಗುರುಬಸವಯ್ಯ ಮೂರನೆಯ ಸಾಲಿನಲ್ಲಿ ಕೂತು ನೋಡುತ್ತಿದ್ದರು. ಆಟಗಾರ್ತಿಯರ ಬದಲಾವಣೆ ಮಾಡುವಾಗಲೆಲ್ಲ ಚೂಡಾಮಣಿ ಬೇಕೆಂದೇ ನಿರುಪಮಾಳ ಮುಂದೆ ಒಂದು ಗಳಿಗೆ ನಿಂತು, ಆಮೇಲೆ ಪಕ್ಕದವಳ ಭುಜ ತಟ್ಟುತ್ತಿದ್ದರು. ಮೂರನೆಯ ಸಾಲಿನ ಮುದುಕ ಅರ್ಧ ಎದ್ದು, ಮತ್ತೆ ಕೂರುತ್ತಿದ್ದ. ಆ ಅರ್ಧ ಏಳುವುದನ್ನು ನೋಡಿದ ದಿನ ಚೂಡಾಮಣಿಗೆ ಊಟ ರುಚಿಸುತ್ತಿತ್ತು.

ಒಂದು ಸಂಜೆ ಬಾಗಿಲ ಬಳಿ ಗುರುಬಸವಯ್ಯ ಎದುರಾದರು. "ಚೂಡಾ, ತಪ್ಪು ನಂದು. ಅವಳಿಗ್ಯಾಕಮ್ಮ ಶಿಕ್ಷೆ?"

"ನಮ್ಮಮ್ಮನೂ ಹೀಗೇ ಗ್ಯಾಲರೀಲಿ ಕೂತಿದ್ರು ಸಾರ್. ಅವರೇನು ತಪ್ಪು ಮಾಡಿದ್ರು?"

ಗುರುಬಸವಯ್ಯ ತಲೆ ತಗ್ಗಿಸಿದರು. "ನೀನು ಉರಿಸಬೇಕು ಅಂದ್ಕೊಂಡಿರೋದು ನನ್ನ ಹೊಟ್ಟೇನ. ಉರೀತು ತಾಯಿ. ನಾಳೆಯಿಂದ ನಾನು ಬರೋದಿಲ್ಲ. ನೋಡೋಕೆ ನಾನೇ ಇಲ್ಲ ಅಂದ್ಮೇಲೆ ಕೂರಿಸಿ ಏನು ಲಾಭ? ಆಡಿಸು."

ಹೇಳಿದಂತೆ ಅವರು ಮತ್ತೆ ಬರಲಿಲ್ಲ. ಎರಡು ಪಂದ್ಯ ಚೂಡಾಮಣಿ ಹಟದಿಂದ ಕಳೆದರು. ಮೂರನೆಯದರಲ್ಲಿ, ನಿರುಪಮಾಳ ಮುಂದೆ ನಿಂತು ತಿರುಗಿ ಖಾಲಿ ಕುರ್ಚಿಯನ್ನು ನೋಡಿದಾಗ, ತಾವು ಮಾಡುತ್ತಿರುವುದು ಕೇವಲ ಒಬ್ಬ ಹುಡುಗಿಯ ಮೇಲಿನ ಕ್ರೌರ್ಯವೆಂದು ಅನಿಸಿತು. ಸೇಡು ತೀರಿತ್ತು. ಸೆಮಿಫೈನಲ್‌ನಲ್ಲಿ ಅವಳನ್ನು ಇಳಿಸುವುದೆಂದು ನಿಶ್ಚಯಿಸಿದರು.

"ಇಳಿಸಬ್ಯಾಡ್ರಿ!" ಕಟ್ಟಿಯವರು ಲಯತುಲೆಯ ಪರದೆಯನ್ನು ಹಿಡಿದುಕೊಂಡೇ ಓಡಿಬಂದರು. ಹಿಂದೆ ಗೌಡರು. "ಆಡೋರು ಐದು ಮಂದಿ. ಇಲ್ಲಿ ಹೆಜ್ಜಿ ಗೆರಿ ಆರು ಅದಾವ ನೋಡ್ರಿ."

ಆರನೆಯ ಗೆರೆ ಬೆಂಚಿನ ಕಡೆಯಿಂದ ಬರುತ್ತಿತ್ತು. ಆಟದ ಗತಿಯನ್ನು ಮನಸ್ಸಿನಲ್ಲೇ ಎಣಿಸುತ್ತ ಕೂತ ನಿರುಪಮಾ, ತನಗೇ ಅರಿವಿಲ್ಲದೆ ಹಿಮ್ಮಡಿಯಿಂದ ನೆಲ ತಟ್ಟುತ್ತಿದ್ದಳು. ಆ ಕಂಪನ ಐವರ ಅಂಗಾಲಿಗೂ ಮುಟ್ಟಿ, ಅವರ ಹೆಜ್ಜೆಗಳನ್ನು ಒಂದಾಗಿಸುತ್ತಿತ್ತು. ನೆಲ ಹಾಸುವಾಗ ಆಟದ ಅಂಗಳವೆಂದೂ ಬೆಂಚಿನ ಜಾಗವೆಂದೂ ಬೇರೆ ಮಾಡದೆ ಒಂದೇ ಹಲಗೆ ಹೊಡೆಸಿದ್ದರು. ಪರೀಕ್ಷೆಯ ದಿನ ಬಂದ ತೊಂಬತ್ನಾಲ್ಕರಲ್ಲಿ ಹೆಚ್ಚಿನ ಪಾಲು ಅವಳು ಸರದಿಗೆ ಕಾಯುತ್ತ ಕೂತಿದ್ದ ಹೊತ್ತಿನದು.

"ಕಾವ್ಯ ಓದೋರ ಹಿಂದ ತಂಬೂರಿ ಹಿಡದು ಒಬ್ರು ಕೂತಿರ್ತಾರಲ್ರಿ, ಹಂಗ. ಅವರ ಕಡೆ ಯಾರೂ ನೋಡೂದಿಲ್ಲ. ಎದ್ದು ಹೋದ್ರ ಮಾತ್ರ ಪದ್ಯ ಜಾರತದ. ಅಂಗಳಕ್ಕ ಇಳಿದ್ರ ಆಕಿ ಒಬ್ಬ ಒಳ್ಳೆ ಆಟಗಾರ್ತಿ, ಅಷ್ಟ. ಕೂತ್ರ, ತಂಡ ಅಂದ್ರನ ಆಕಿ!"

"ಸೋಲ್ತೀವಿ ಅಂದ್ರೂ ಇಳಿಸ್ತೀನಿ," ಎಂದರು ಚೂಡಾಮಣಿ.

"ಆಗಕಿಲ್ಲ," ಎಂದರು ಗೌಡರು, ಮೊದಲ ಸಲ ಗಡುಸಾಗಿ. "ಗೆದ್ದಾಗ ಒಂದು ಮಾತಾಡಿದ್ನಾ ನಾನು? ಆ ಮಗೀನ ಕೂರಿಸಿದ್ದು ನೀನು. ಅಲ್ಲೇ ಕುಂತಿರ್ಲಿ."

ಮಂಡ್ಯ ಆ ವರ್ಷ ಲೀಗನ್ನು ಗೆದ್ದಿತು. ವಿಷಯ ಹೊರಗೆ ಬೀಳಲು ತಡವಾಗಲಿಲ್ಲ. ಮರುವರ್ಷದ ಆಯ್ಕೆಯಲ್ಲಿ ಎಲ್ಲ ತಂಡಗಳೂ ಲಯತುಲೆಯನ್ನು ಮುಂದಿಟ್ಟುಕೊಂಡು, ಕೂರುವುದಕ್ಕೆಂದೇ ಒಬ್ಬೊಬ್ಬ ಹುಡುಗಿಯನ್ನು ಹುಡುಕಿದವು. ಕಾಲೇಜುಗಳಲ್ಲಿ ಒಳ್ಳೆಯ ಆಟಗಾರ್ತಿಯರಿಗೆ ಚೆಂಡು ಬಿಡಿಸಿ ಹಿಮ್ಮಡಿ ತಟ್ಟುವುದನ್ನು ಕಲಿಸತೊಡಗಿದರು. ಪತ್ರಿಕೆಗಳು ಅವರನ್ನು 'ಕೂರುವ ಆಟಗಾರ್ತಿಯರು' ಎಂದು ಕರೆದವು. ಅವರೆಲ್ಲರಲ್ಲಿ ಶ್ರೇಷ್ಠಳು ನಿರುಪಮಾ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಪ್ರಶಸ್ತಿಗಳು ಬಂದವು. ಅಂಗಳಕ್ಕೆ ಕರೆ ಬರಲಿಲ್ಲ.

ಮೂರನೆಯ ವರ್ಷದ ಕೊನೆಯ ಪಂದ್ಯವೂ ಮುಗಿದು ಹುಡುಗಿಯರೆಲ್ಲ ಹೊರಟ ಮೇಲೆ ಅವಳು ಲೇಸು ಬಿಚ್ಚುತ್ತ ಅಲ್ಲೇ ಉಳಿದಳು. ಬೂಟು ಹೊಸದರಂತಿತ್ತು, ಹಿಮ್ಮಡಿಯೊಂದು ಬಿಟ್ಟು.

ಚೂಡಾಮಣಿ ಹತ್ತಿರ ಹೋದರು. "ಮುಂದೇನಮ್ಮ? ಬೇರೆ ತಂಡದಲ್ಲಿ ಆಡೋದಾದ್ರೆ ನಾನೇ ಮಾತಾಡ್ತೀನಿ."

"ಆಡೋಕೆ ಯಾರು ಕರೀತಾರೆ ಮೇಡಂ? ಎಲ್ಲರೂ ಕೂರೋಕೇ ಕರೀತಾರೆ." ಅವಳ ದನಿಯಲ್ಲಿ ಕೋಪವೇ ಇರಲಿಲ್ಲ. "ತರಬೇತುದಾರರ ಪರೀಕ್ಷೆ ಕಟ್ಟಿದೀನಿ. ಇಲ್ಲಿ ಕೂತು ಚೆನ್ನಾಗಿ ಕಲಿತಿದೀನಿ. ಒಂದು ಹತ್ತು ವರ್ಷದಲ್ಲಿ ಒಳ್ಳೇ ತಂಡ ಕೈಗೆ ಸಿಗುತ್ತೆ."

"ಒಳ್ಳೇದಾಗಲಿ."

ಅವಳು ತಲೆಯೆತ್ತಿ ಅವರನ್ನು ಶಾಂತವಾಗಿ ನೋಡಿದಳು. "ನಿಮಗೆ ಮಗಳಿದ್ದಾಳಾ ಮೇಡಂ?"

ಚೂಡಾಮಣಿಯ ಮನೆಯಲ್ಲಿ ಆ ಹೊತ್ತಿಗೆ ಐದನೆಯ ತರಗತಿಯ ಹುಡುಗಿಯೊಬ್ಬಳು, ಅಜ್ಜಿ ಎಷ್ಟು ಗದರಿದರೂ ಕೇಳದೆ, ಜಗಲಿಯ ಮೇಲೆ ಚೆಂಡು ಪುಟಿಸುತ್ತಿದ್ದಳು.

"ಇಲ್ಲ," ಎಂದರು ಚೂಡಾಮಣಿ.